ಎರಡು ಮಳೆಗಾಲ ಕಂಡ ಗಾಳಿ ಮೆಷಿನ್ನು

ಮಡಿಕೇರಿ ಹತ್ತಿರದ ನಮ್ಮ ಹೊಸ ಮನೆಗೆ ಇಆರ್‌ವಿ (ಎನರ್ಜಿ ರಿಕವರಿ ವೆಂಟಿಲೇಟರ್, ಅಂದರೆ ಮನೆಯ ಗಾಳಿ ಬದಲಿಸುವ ಮೆಷಿನ್ನು) ಹಾಕಿಸಿ ಎರಡು ಮಳೆಗಾಲ ಕಳೆಯಿತು. ಒಳಗಿನ ಹಳಸಿದ ಗಾಳಿ ಹೊರಗೆ, ಹೊರಗಿನ ಹೊಸ ಗಾಳಿ ಒಳಗೆ. ನಡುವೆ ಒಂದು ಪೇಪರ್ ಕೋರ್, ಹೋಗುವ ಗಾಳಿಯ ಬಿಸಿಯನ್ನು ಬರುವ ಗಾಳಿಗೆ ದಾಟಿಸುತ್ತದೆ. ಉಳಿದದ್ದು ಕಂಪನಿಯವರ ಪುಸ್ತಕದಲ್ಲಿ ಇದ್ದೇ ಇರುತ್ತದೆ.

ಹಾಕಿಸಿದ್ದು ಬೂಷ್ಟಿಗೆ ಹೆದರಿ. ಹಳೇ ಹಂಚಿನ ಮನೆಯಲ್ಲಿ ಸಂದಿಗೊಂದಿಯಿಂದ ಗಾಳಿ ಆಡುತ್ತಿತ್ತು, ಒಲೆ ದಿನವಿಡೀ ಉರಿಯುತ್ತಿತ್ತು, ಒದ್ದೆ ಬಟ್ಟೆ ಅದರ ಮೇಲೇ ಒಣಗುತ್ತಿತ್ತು. ಹೊಸ ಮನೆಗೆ ಎರಡು ಪದರದ ಗಾಜು, ಬಾಗಿಲಿಗೆ ರಬ್ಬರು ಪಟ್ಟಿ. ಚಳಿ ನಿಂತಿತು, ಜೊತೆಗೆ ಗಾಳಿಯೂ ನಿಂತಿತು. ಮೊದಲ ಕಕ್ಕಡದಲ್ಲೇ (ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು) ನನ್ನ ಶೂ ಬೂಷ್ಟು ಹಿಡಿದು ಹಸಿರಾಯಿತು.

ಮಾರಿದವರು "ಇದೊಂದು ಹಾಕಿಸಿ ಸಾರ್, ತೇವದ ಮಾತೇ ಇಲ್ಲ" ಅಂದಿದ್ದರು. ಸುಳ್ಳು. ಜುಲೈಯಲ್ಲಿ ಹೊರಗಿನ ಗಾಳಿಯೇ ಹಿಂಡಿದರೆ ನೀರು ಬರುವ ಹಾಗಿರುತ್ತದೆ. ಅದನ್ನೇ ಒಳಗೆ ತಂದರೆ ಮನೆ ಒಣಗುವುದು ಹೇಗೆ? ಒಳಗೆ ಸ್ವಲ್ಪ ಬೆಚ್ಚಗಿರುವುದರಿಂದ ತೇವದ ಮೀಟರು ಶೇಕಡಾ 75 ತೋರಿಸುತ್ತದೆ, ಅಷ್ಟೇ. ಬೂಷ್ಟು ದೂರ ಇರಬೇಕಾದರೆ 60ರ ಒಳಗಿರಬೇಕು. ಕೊನೆಗೆ ಬೀರುವಿನ ಕೋಣೆಗೆ ಬೇರೆ ಡಿಹ್ಯೂಮಿಡಿಫೈಯರ್ ತಂದೆ. ಈಗ ಒಂದು ಮೆಷಿನ್ನು ತೇವ ತರುತ್ತದೆ, ಇನ್ನೊಂದು ಹಿಂಡುತ್ತದೆ. ದಿನಾ ಬೆಳಿಗ್ಗೆ ಅದರ ತೊಟ್ಟಿಯ ನೀರನ್ನು ಸುರಿಯುವ ಮಳೆಗೇ ಚೆಲ್ಲಿ ಬರುತ್ತೇನೆ. ನೋಡಿದವರು ನಗುತ್ತಾರೆ.

ಈ ಸಿಟ್ಟಿನಲ್ಲೇ ಒಮ್ಮೆ ಇಆರ್‌ವಿ ಆಫ್ ಮಾಡಿಟ್ಟಿದ್ದೆ. ಮೂರನೇ ಬೆಳಿಗ್ಗೆ ತಲೆ ಭಾರ. ಕಾರ್ಬನ್ ಡೈಆಕ್ಸೈಡ್ ಮೀಟರು ನೋಡಿದರೆ ಮಲಗುವ ಕೋಣೆಯಲ್ಲಿ 2,100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ). ಹೊರಗಿನ ಗಾಳಿಯಲ್ಲಿ 420ರ ಆಸುಪಾಸು ಇರುತ್ತದೆ. ಬಾಗಿಲು ಹಾಕಿ ಇಬ್ಬರು ಮಲಗಿದರೆ ಅಷ್ಟು ಏರುತ್ತದೆ, ಅಲ್ವಾ? ಮತ್ತೆ ಆನ್ ಮಾಡಿದೆ. ಈಗ ಬೆಳಿಗ್ಗೆ 800 ದಾಟುವುದಿಲ್ಲ. ಆಮೇಲೆ ಬೈಯುವುದು ಕಡಿಮೆ ಮಾಡಿದೆ.

ಭಾನುವಾರ ಫಿಲ್ಟರ್ ತೊಳೆಯುವುದು ನನ್ನ ಕೆಲಸ. ಮುಚ್ಚಳ ತೆಗೆದು ಜಾಲರಿ ಎಳೆದರೆ ತಿಂಗಳು ಯಾವುದು ಅಂತ ಗೊತ್ತಾಗುತ್ತದೆ. ಮೊದಲ ಮಳೆ ಬಿದ್ದಾಗ ಮಳೆಹುಳದ ರೆಕ್ಕೆಗಳು, ಜನವರಿಯಲ್ಲಿ ಕಾಫಿ ಕಣದ ಕೆಂದೂಳು. ಜಾಲರಿಗೆ ನೀರು ಹಾಕಬಹುದು. ಪೇಪರ್ ಕೋರಿಗೆ ಮಾತ್ರ ಬೇಡ, ಮೆತ್ತಗಾಗಿ ಹಾಳಾಗುತ್ತದೆ. ಬ್ರಷ್ಷಿನಲ್ಲಿ ಧೂಳು ತೆಗೆದರೆ ಸಾಕು.

ಡಕ್ಟ್ ಕೆಲಸ ಸೇರಿ ಖರ್ಚು ಲಕ್ಷ ದಾಟಿತು. ಕಾಫಿಗೆ ರೇಟು ಇದ್ದ ವರ್ಷವಾದ್ದರಿಂದ ಧೈರ್ಯ ಮಾಡಿದೆ, ಇಲ್ಲದಿದ್ದರೆ ಮಾಡುತ್ತಿರಲಿಲ್ಲ. ಹಂಚಿನ ಮನೆಯವರಿಗೆ ಇದು ಬೇಡವೇ ಬೇಡ. ಕರೆಂಟು ಹೋದರೆ ಇದೂ ಸುಮ್ನೆ ಒಂದು ಡಬ್ಬ. ನಮ್ಮಲ್ಲಿ ಮಳೆಗಾಲದಲ್ಲಿ ಮೂರು ದಿನ ಕರೆಂಟು ಇಲ್ಲದಿರುವುದು ಹೊಸದಲ್ಲ. ಆಗ ಕಿಟಕಿಯೇ ಗತಿ.

ಇನ್ನೊಂದು ಮಾತು. ವಾಸನೆಗೆಂದು ಒಂದು ಕಾರ್ಬನ್ ಫಿಲ್ಟರನ್ನೂ ಸೇರಿಸಿ ಕೊಟ್ಟಿದ್ದರು. ಹೋದ ಮಾರ್ಚಿನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದು ಎಂಟೊಂಬತ್ತು ದಿನಕ್ಕೆ ತೋಟ ಹೂವಿನಿಂದ ಬೆಳ್ಳಗಾಯಿತು. ಮನೆಯೊಳಗೆ ಮಾತ್ರ ಏನೂ ಇಲ್ಲ, ಆಸ್ಪತ್ರೆಯ ಹಾಗೆ. ಅವ್ವ "ಹೂವಿನ ವಾಸನೆಯನ್ನೂ ಇದು ತಿಂದುಬಿಟ್ಟಿತಾ?" ಅಂದರು. ಸ್ಟೂಲು ಹತ್ತಿ ಕಾರ್ಬನ್ ಫಿಲ್ಟರ್ ತೆಗೆದೆ. ರಾತ್ರಿ ಹತ್ತರ ಹೊತ್ತಿಗೆ ಹೊಸ ಗಾಳಿ ಬರುವ ತಾರಸಿಯ ತೂತಿನಿಂದ ಮಲ್ಲಿಗೆಯಂಥ ಘಮ ಇಳಿಯತೊಡಗಿತು. ಅವ್ವ ತಮ್ಮ ಮಂಚವನ್ನು ಅದರ ಕೆಳಗೇ ಎಳೆಸಿಕೊಂಡರು. ಅದು ಇವತ್ತಿಗೂ ಅಲ್ಲೇ ಇದೆ.