ಕಾಡಾನೆ ಸಂದೇಶ ಸೇವೆ: ನಾಲ್ಕು ಕೊಯ್ಲುಗಳ ಅನುಭವ

ಆಲೂರು ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಕಾಫಿ ತೋಟ, ಅದರ ಕೆಳಗೆ ಒಂದಿಷ್ಟು ಗದ್ದೆ. ಕಾಡಾನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಕಳುಹಿಸುವ ಸಂದೇಶವನ್ನು ನಾಲ್ಕು ಕೊಯ್ಲುಗಳಿಂದ ನಂಬಿಕೊಂಡಿದ್ದೇನೆ. ಐದಕ್ಕೆ ನಾಲ್ಕು ನಕ್ಷತ್ರ.

ಯಾವ ಊರು, ಯಾವ ತೋಟದ ಪಕ್ಕ, ಗುಂಪೋ ಒಂಟಿ ಸಲಗವೋ, ಇಷ್ಟೇ ಅದರಲ್ಲಿರುತ್ತದೆ. ಓದಿದ ಕೂಡಲೇ ಮೇಸ್ತ್ರಿಗೆ ಫೋನ್ ಮಾಡುತ್ತೇನೆ. ಆಳುಗಳ ಜೀಪು ಬೇರೆ ದಾರಿ ಹಿಡಿಯುತ್ತದೆ, ಇಲ್ಲವೇ ಹಣ್ಣು ಕೊಯ್ಯುವುದು ಒಂಬತ್ತರ ನಂತರ ಶುರುವಾಗುತ್ತದೆ. ಮಂಜು ಕವಿದ ಬೆಳಗಿನಲ್ಲಿ ಹತ್ತು ಮಾರು ದೂರದ ಆನೆಯೂ ಕಾಫಿ ಗಿಡಗಳ ನಡುವೆ ಕಾಣುವುದಿಲ್ಲ. ಇದನ್ನು ಕಂಡವರಿಗೆ ಆ ಎರಡು ಸಾಲಿನ ಬೆಲೆ ಗೊತ್ತು.

ಹೈಕೋರ್ಟ್ ಆದೇಶದ ನಂತರ 2014ರಲ್ಲಿ ನಮ್ಮ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಇನ್ನು ನೆಮ್ಮದಿ ಎಂದುಕೊಂಡೆವು. ಆನೆಗಳು ಮತ್ತೆ ಬಂದವು. ಈಗ ಕೆಲವು ಆನೆಗಳ ಕೊರಳಿಗೆ, ಅವು ಎಲ್ಲಿವೆ ಎಂದು ತಿಳಿಸುವ ರೇಡಿಯೊ ಕಾಲರ್ ಎಂಬ ಪಟ್ಟಿ ಇದೆ. ಮಿಕ್ಕದ್ದೆಲ್ಲ ಹೆಜ್ಜೆ, ಲದ್ದಿ ನೋಡುತ್ತ ನಡೆಯುವ ಸಿಬ್ಬಂದಿಯ ದುಡಿಮೆ. ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ಕಾಡಿನಲ್ಲಿ ಪ್ರಾಣ ಬಿಟ್ಟದ್ದೂ ಕಾಡಾನೆಗೆ ಕಾಲರ್ ಹಾಕಲು ಹೋದಾಗಲೇ. ಅಂದು ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ನಾನು ಒಂದು ನಕ್ಷತ್ರ ಕಡಿಮೆ ಕೊಟ್ಟದ್ದು ಸಂದೇಶ ಕಳುಹಿಸುವವರ ತಪ್ಪಿಗಲ್ಲ. ಆನೆಯ ಸುದ್ದಿ ಒಂದು ಇಲಾಖೆಯದು, ಬೀದಿದೀಪ ಇನ್ನೊಬ್ಬರದು, ಜೋತುಬಿದ್ದ ವಿದ್ಯುತ್ ತಂತಿ ಮತ್ತೊಬ್ಬರದು, ಶಾಲೆ ಬಿಡುವ ಹೊತ್ತು ಮಗದೊಬ್ಬರದು. ನಮ್ಮ ಊರ ತಿರುವಿನ ದೀಪ ದೀಪಾವಳಿಗೆ ಮೊದಲೇ ಆರಿತ್ತು. ಅರ್ಜಿ ಕೊಟ್ಟ ಕಚೇರಿ ಬೇರೆ ಕಚೇರಿಯತ್ತ ಕೈ ತೋರಿಸಿತು. ಕಾರ್ತೀಕದ ಒಂದು ಸಂಜೆ ಅದೇ ತಿರುವಿನಲ್ಲಿ ಸಲಗವಿದೆ ಎಂಬ ಸಂದೇಶ ಬಂತು. ಪಕ್ಕದ ಮನೆಯ ಹುಡುಗಿ ಟ್ಯೂಷನ್ ಮುಗಿಸಿ ಬರುವ ಹೊತ್ತು. ಅವಳ ಅಪ್ಪ ಬೈಕಿನಲ್ಲಿ ಸುತ್ತು ದಾರಿ ಹಿಡಿದು ಕರೆತರುವವರೆಗೆ ನಾನು ಅಂಗಳ ಬಿಟ್ಟು ಒಳಗೆ ಹೋಗಲಿಲ್ಲ. ಈ ಎಲ್ಲ ಇಲಾಖೆಯವರೂ ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕುಳಿತು, ಆ ತಿಂಗಳ ಸಂದೇಶಗಳನ್ನು ಮುಂದಿಟ್ಟುಕೊಂಡು ಯಾವ ತಿರುವಿಗೆ ಏನು ಬೇಕೆಂದು ತೀರ್ಮಾನಿಸಲಿ.

ಇನ್ನೊಂದು ಕೋರಿಕೆ. ಕೊಯ್ಲಿಗೆ ಬರುವವರಲ್ಲಿ ಈಗ ಅಸ್ಸಾಮಿನವರೂ ಇದ್ದಾರೆ. ಅವರಿಗೆ ಕನ್ನಡ ಓದಲು ಬಾರದು. ಹಿಂದಿಯಲ್ಲಿ ಧ್ವನಿ ಸಂದೇಶವೂ ಅವರ ಫೋನಿಗೆ ಬರುವಂತಾಗಲಿ. ಸದ್ಯಕ್ಕೆ ನಮ್ಮ ಮೇಸ್ತ್ರಿ ಆಳುಗಳು ಉಳಿಯುವ ಲೈನ್ ಮನೆಯ ಮುಂದೆ ನಿಂತು ಹಿಂದಿಯಲ್ಲಿ ಹೇಳುತ್ತಾನೆ. ಅವನು ರಜೆ ಹಾಕಿದ ದಿನ ನಾನೇ ಹೋಗಿ ಹೇಳಿ ಬರುತ್ತೇನೆ.