ಖರ್ಚಿನ ಆಪ್‌ಗೆ ಎರಡು ಸ್ಟಾರ್, ಕೂಡಿಡುವ ಡಿವೈಸ್‌ಗೆ ನಾಲ್ಕು

ಬಿಟ್‌ಕಾಯಿನ್ ಕೊಟ್ಟು ದಿನಸಿ ತರಬಹುದು, ಮೊಬೈಲ್ ರೀಚಾರ್ಜ್ ಮಾಡಿಸಬಹುದು ಅಂತ ಹೇಳಿಕೊಳ್ಳುವ ಗಿಫ್ಟ್ ಕಾರ್ಡ್ ಆಪ್‌ಗಳು ಈಗ ಹಲವು ಇವೆ. ಅವುಗಳಲ್ಲಿ ಒಂದನ್ನು ಮೈಸೂರಿನಲ್ಲಿ ಕೂತು ಬಳಸಿ ನೋಡಿದೆ. ಬಿಟ್‌ಕಾಯಿನ್ ಎತ್ತಿಡಲು ಹಾರ್ಡ್‌ವೇರ್ ವ್ಯಾಲೆಟ್ ಅನ್ನುವ ಒಂದು ಪುಟ್ಟ ಡಿವೈಸ್ ಕೂಡ ತರಿಸಿಕೊಂಡೆ. ಒಂದು ಖರ್ಚಿಗೆ, ಇನ್ನೊಂದು ಕೂಡಿಡುವುದಕ್ಕೆ. ಎರಡರ ಬಗ್ಗೆಯೂ ಒಟ್ಟಿಗೇ ಬರೆಯುತ್ತಿದ್ದೇನೆ. ಕಂಪನಿಗಳ ಹೆಸರು ಹಾಕುತ್ತಿಲ್ಲ. ಯಾಕೆಂದರೆ ಮುಂದೆ ಹೇಳುವ ತಾಪತ್ರಯದಲ್ಲಿ ಮುಕ್ಕಾಲು ಪಾಲು ಆಪ್‌ನದ್ದಲ್ಲ, ನಮ್ಮ ತೆರಿಗೆ ಕಾನೂನಿನದ್ದು. ಯಾವ ಆಪ್ ಹಾಕಿಕೊಂಡರೂ ಅದು ತಪ್ಪುವುದಿಲ್ಲ.

ನಾನು ಸರಸ್ವತಿಪುರಂನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತೇನೆ. ಜೂನ್ ಬಂತೆಂದರೆ ರಿಟರ್ನ್ ತುಂಬುವುದೇ ಕೆಲಸ. ಹಾಗಾಗಿ ಇದರಲ್ಲಿ ತೆರಿಗೆ ಮಾತು ಜಾಸ್ತಿ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ತಿಂಗಳಿಗೆ ಸಾವಿರ ರೂಪಾಯಿ ಲೆಕ್ಕದಲ್ಲಿ ಬಿಟ್‌ಕಾಯಿನ್ ತಗೊಂಡು ಸುಮ್ನೆ ಇಡುತ್ತಿದ್ದೆ. ನನ್ನ ತಮ್ಮನಿಗೆ ಅದು ಸರಿ ಕಾಣಲಿಲ್ಲ. "ಅಕ್ಕ, ಎಲ್ಲರೂ ನಿನ್ನ ಥರ ಬಚ್ಚಿಟ್ಕೊಂಡು ಕೂತ್ರೆ ಅದು ದುಡ್ಡು ಹೇಗಾಗತ್ತೆ? ಖರ್ಚು ಮಾಡು. ಮಾಡಿದಷ್ಟನ್ನ ಅವತ್ತೇ ಮತ್ತೆ ಕೊಂಡ್ಕೋ. ಗಂಟೂ ಕರಗಲ್ಲ, ಚಲಾವಣೆಗೂ ಬರತ್ತೆ" ಅಂದ. ಕೇಳಲು ಚೆನ್ನಾಗಿದೆ ಅಲ್ವಾ? ಆ ಆಪ್ ಹಾಕಿಕೊಟ್ಟಿದ್ದೂ ಅವನೇ.

ಮೊದಲು ಎಕ್ಸ್‌ಚೇಂಜ್‌ನಿಂದ, ಅಂದರೆ ಬಿಟ್‌ಕಾಯಿನ್ ಕೊಳ್ಳುವ ಮಾರುವ ಆನ್‌ಲೈನ್ ಕಂಪನಿಯಿಂದ, ಫೋನಿನ ವ್ಯಾಲೆಟ್‌ಗೆ ಸ್ವಲ್ಪ ಕಳಿಸಿಕೊಳ್ಳಬೇಕು. ಇಲ್ಲೇ ಮೊದಲ ಕಡಿತ. ಬಿಟ್‌ಕಾಯಿನ್ ನೆಟ್‌ವರ್ಕ್‌ನ ಶುಲ್ಕ ನೀವು ಎಷ್ಟು ದುಡ್ಡು ಕಳಿಸುತ್ತೀರಿ ಅನ್ನುವುದರ ಮೇಲೆ ಇರುವುದಿಲ್ಲ. ಆ ವಹಿವಾಟು ಬ್ಲಾಕ್‌ನಲ್ಲಿ, ಅಂದರೆ ಬಿಟ್‌ಕಾಯಿನ್ ಲೆಡ್ಜರ್‌ನ ಒಂದು ಪುಟದಲ್ಲಿ, ಎಷ್ಟು ಜಾಗ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಎಷ್ಟು ರಶ್ ಇದೆ ಅನ್ನುವುದರ ಮೇಲೆ ಇರುತ್ತದೆ. 500 ರೂಪಾಯಿ ಕಳಿಸಿದರೂ 5 ಲಕ್ಷ ಕಳಿಸಿದರೂ ಹೆಚ್ಚುಕಮ್ಮಿ ಒಂದೇ. ದೊಡ್ಡ ಮೊತ್ತ ಕಳಿಸುವವರಿಗೆ ಇದು ಲೆಕ್ಕಕ್ಕೇ ಇಲ್ಲ. ತೊಗರಿಬೇಳೆ ತರಲು ಹೊರಟವರಿಗೆ ಉರಿಯುತ್ತದೆ.

ಅಲ್ಲಿಂದ ಮುಂದೆ ಆಪ್ ಚುರುಕಾಗಿದೆ, ಅದನ್ನು ಒಪ್ಪಲೇಬೇಕು. ದೇಶ ಆರಿಸಿದರೆ ಸೂಪರ್ ಮಾರ್ಕೆಟ್, ಬಟ್ಟೆ ಅಂಗಡಿ, ಮೊಬೈಲ್ ಕಂಪನಿ ಅಂತ ಪಟ್ಟಿ ಬರುತ್ತದೆ. ಒಂದು ಸೂಪರ್ ಮಾರ್ಕೆಟ್‌ನ 1,000 ರೂಪಾಯಿ ಕಾರ್ಡ್ ಆರಿಸಿದೆ. ಬೆಲೆಯನ್ನು ಸತೋಶಿಯಲ್ಲಿ ತೋರಿಸಿತು. ಒಂದು ಬಿಟ್‌ಕಾಯಿನ್‌ಗೆ 10 ಕೋಟಿ ಸತೋಶಿ. ಎಕ್ಸ್‌ಚೇಂಜ್ ದರದ ಜೊತೆ ಹೋಲಿಸಿದರೆ ಸ್ವಲ್ಪ ದುಬಾರಿ. ಕಮಿಷನ್ ಅಂತ ಎಲ್ಲೂ ಬರೆದಿಲ್ಲ, ದರದ ಒಳಗೇ ಸೇರಿಸಿಬಿಟ್ಟಿದ್ದಾರೆ. ಪಾವತಿ ಲೈಟ್ನಿಂಗ್ ಮೂಲಕ. ಇದು ಬಿಟ್‌ಕಾಯಿನ್ ಮೇಲೆ ಕಟ್ಟಿದ ಇನ್ನೊಂದು ಪದರ, 2018ರಿಂದ ಬಳಕೆಯಲ್ಲಿದೆ. ಪ್ರತಿ ಪಾವತಿಯನ್ನೂ ಮುಖ್ಯ ಲೆಡ್ಜರ್‌ನಲ್ಲಿ ಬರೆಯುವುದಿಲ್ಲ. ತಮ್ಮತಮ್ಮಲ್ಲೇ ಲೆಕ್ಕ ಆಚೀಚೆ ಮಾಡಿಕೊಂಡು ಕೊನೆಗೆ ಬಾಕಿಯನ್ನು ಮಾತ್ರ ಬರೆಯುತ್ತಾರೆ. ಮುಖ್ಯ ಲೆಡ್ಜರ್‌ಗೆ ಹೊಸ ಬ್ಲಾಕ್ ಸೇರಲು ಸರಾಸರಿ 10 ನಿಮಿಷ ಬೇಕು. ಲೈಟ್ನಿಂಗ್‌ನಲ್ಲಿ ಕ್ಯೂಆರ್ ತೋರಿಸಿ ಒತ್ತಿದ ತಕ್ಷಣ ಹೋಯಿತು. ಕಾರ್ಡಿನ ನಂಬರ್ ಮತ್ತು ಪಿನ್ ಮೇಲ್‌ಗೆ ಬಂತು.

ಆಮೇಲೆ ಕೌಂಟರ್. ಕುವೆಂಪುನಗರದ ಅಂಗಡಿ, ಸಂಜೆ ಹೊತ್ತು, ಹಿಂದೆ ಕ್ಯೂ. ಬೇಳೆ, ಎಣ್ಣೆ, ರವೆ, ಸೋಪು ಎಲ್ಲ ಸ್ಕ್ಯಾನ್ ಆಗಿ 1,064 ರೂಪಾಯಿ ಬಿಲ್ ಆಯಿತು. ಗಿಫ್ಟ್ ಕಾರ್ಡ್ ಅಂದೆ. ಹುಡುಗಿ ಕೈ ಚಾಚಿದಳು. ಕಾರ್ಡ್ ಇಲ್ಲಮ್ಮ, ನಂಬರ್ ಇದೆ ಅಂದೆ. ಅವಳು ನನ್ನ ಫೋನ್ ನೋಡಿಕೊಂಡು ನಂಬರ್ ಒತ್ತಿದಳು. ಇನ್‌ವ್ಯಾಲಿಡ್. ಇನ್ನೊಂದು ಸಲ. ಇನ್‌ವ್ಯಾಲಿಡ್. "ಮೇಡಂ, ಇದು ಆನ್‌ಲೈನ್‌ಗೆ ಮಾತ್ರ ಅನ್ಸತ್ತೆ" ಅಂದಳು. ಸೂಪರ್‌ವೈಸರ್ ಬಂದರು, ಕನ್ನಡಕ ಹಣೆಗೆ ಏರಿಸಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಸೊನ್ನೆ ಅಲ್ಲಮ್ಮ, ಓ ಅದು" ಅಂದರು. ಹಿಂದೆ ಅವಲಕ್ಕಿ ಪ್ಯಾಕೆಟ್ ಹಿಡಿದು ನಿಂತಿದ್ದ ಯಜಮಾನರು, "ಫೋನ್‌ಪೇ ಮಾಡ್ಬಿಡಿ ತಾಯಿ, ನಮಗೂ ಮನೆಗೆ ಹೋಗ್ಬೇಕು" ಅಂದರು. ಕೊನೆಗೆ ಕಾರ್ಡ್ ಕೆಲಸ ಮಾಡಿತು. ಉಳಿದ 64 ರೂಪಾಯಿಗೆ ಯುಪಿಐ ಮಾಡಿದೆ. ಸ್ಕ್ಯಾನ್ ಮಾಡಿ ಪಿನ್ ಒತ್ತುವಷ್ಟರಲ್ಲಿ ಹೋಗಿತ್ತು.

ಮನೆಗೆ ಬಂದು ತಮ್ಮನಿಗೆ ಹೇಳಿದೆ: ನಾನು ಕೊಟ್ಟಿದ್ದು ಬಿಟ್‌ಕಾಯಿನ್ ಕಣೋ, ಅಂಗಡಿಗೆ ಸೇರಿದ್ದು ರೂಪಾಯಿ. ನಡುವೆ ಯಾವನೋ ನನ್ನ ಬಿಟ್‌ಕಾಯಿನ್ ಕೊಂಡುಕೊಂಡು ನನಗೆ ರೂಪಾಯಿ ಕೂಪನ್ ಕೊಟ್ಟ, ಅಷ್ಟೇ. ಆ ಅಂಗಡಿಯವರಿಗೆ ಬಿಟ್‌ಕಾಯಿನ್ ವಾಸನೆಯೂ ಬಡಿದಿಲ್ಲ. ಚಲಾವಣೆಗೆ ಬಂತು ಅಂತ ಹೇಗೆ ಹೇಳ್ತೀಯಾ? ಅವನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಎಲ್ ಸಾಲ್ವಡಾರ್ ಅಂದ.

ಸರಿ, ಎಲ್ ಸಾಲ್ವಡಾರ್. 2021ರ ಸೆಪ್ಟೆಂಬರ್‌ನಲ್ಲಿ ಆ ದೇಶ ಬಿಟ್‌ಕಾಯಿನ್‌ಗೆ ಕಾನೂನು ಮಾನ್ಯತೆ ಕೊಟ್ಟಿತು. ಅಂಗಡಿಯವರು ತಗೊಳ್ಳಲೇಬೇಕು ಅಂತ ಕಾನೂನು. ಸರ್ಕಾರಿ ಆಪ್ ಹಾಕಿಕೊಂಡವರಿಗೆ 30 ಡಾಲರ್ ಬಿಟ್ಟಿ. ತುಂಬಾ ಜನ ಆ 30 ಡಾಲರ್ ಖರ್ಚು ಮಾಡಿ ಆಪ್ ಕಡೆ ತಿರುಗಿ ನೋಡಲಿಲ್ಲ. 2025ರ ಜನವರಿಯಲ್ಲಿ ಕಾನೂನು ತಿದ್ದಿ, ಇಷ್ಟ ಇದ್ದವರು ತಗೊಳ್ಳಿ ಅಂತ ಮಾಡಿದರು. ಹಾಗೆ ಬದಲಾಯಿಸಿದ್ದು ಐಎಂಎಫ್ ಸಾಲದ ಒಪ್ಪಂದಕ್ಕಾಗಿ ಅನ್ನುವುದು ನಿಜ. ಆದರೆ ಜನ ಮೊದಲೇ ಕೈಬಿಟ್ಟಿದ್ದರು.

ಕೈಬಿಡದೆ ಏನು ಮಾಡುತ್ತಾರೆ? ಪರ್ಸ್‌ನಲ್ಲಿ ಒಂದು ಗರಿಗರಿ ನೋಟು, ಒಂದು ಹರಿದು ಟೇಪ್ ಅಂಟಿಸಿದ ನೋಟು ಇದ್ದರೆ ನಾವು ಯಾವುದನ್ನು ಮೊದಲು ಕೊಡುತ್ತೇವೆ? ನಾನಂತೂ ಹರಿದಿದ್ದನ್ನೇ. ಮೊದಲು ಸಿಟಿ ಬಸ್ ಕಂಡಕ್ಟರ್‌ಗೆ ದಾಟಿಸುತ್ತಿದ್ದೆ. ಶಕ್ತಿ ಯೋಜನೆ ಬಂದ ಮೇಲೆ ಆ ದಾರಿ ಮುಚ್ಚಿತು, ಈಗ ಸೊಪ್ಪಿನವರು. ಏರಬಹುದು ಅಂತ ನಂಬಿರುವ ಹಣವನ್ನು ಯಾರೂ ಮೊದಲು ಕೊಡುವುದಿಲ್ಲ. ಇದಕ್ಕೆ ಅರ್ಥಶಾಸ್ತ್ರದಲ್ಲಿ ಗ್ರೆಶಮ್ ನಿಯಮ ಅಂತಲೇ ಹೆಸರಿದೆ. ಬಿಟ್‌ಕಾಯಿನ್ 2.1 ಕೋಟಿಗಿಂತ ಜಾಸ್ತಿ ಹುಟ್ಟುವುದಿಲ್ಲ. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಹೊಸದಾಗಿ ಹುಟ್ಟುವ ಪ್ರಮಾಣ ಅರ್ಧ ಆಗುತ್ತದೆ, ಕಳೆದ ಸಲ ಆಗಿದ್ದು 2024ರ ಏಪ್ರಿಲ್‌ನಲ್ಲಿ. ರೂಪಾಯಿ ನೋಟು ನಮ್ಮ ಮೈಸೂರಿನ ಪ್ರೆಸ್‌ನಲ್ಲೇ ಅಚ್ಚಾಗುತ್ತಾ ಇರುತ್ತದೆ. ಯಾವುದನ್ನು ಬೇಳೆಗೆ ಕೊಡಬೇಕು, ನೀವೇ ಹೇಳಿ.

2010ರ ಮೇ 22ರಂದು ಫ್ಲಾರಿಡಾದಲ್ಲಿ ಒಬ್ಬ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡ ಕತೆಯನ್ನು ಕೂಡಿಡುವವರು ಹಲ್ಲು ಕಡಿದು ಹೇಳುತ್ತಾರೆ. ನನಗೆ ಆ ಮನುಷ್ಯನ ಮೇಲೆ ಗೌರವ ಇದೆ. ಅಂಥವರು ಕೊಟ್ಟು ತೋರಿಸಿದ್ದರಿಂದಲೇ ಇದಕ್ಕೆ ಒಂದು ಬೆಲೆ ಅಂತ ಬಂತು. ಆದರೆ ಅವರು ಮೈಸೂರಿನಲ್ಲಿ ರಿಟರ್ನ್ ತುಂಬಬೇಕಾಗಿರಲಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ನಮ್ಮಲ್ಲಿ ಬಿಟ್‌ಕಾಯಿನ್‌ನಂಥ ಕ್ರಿಪ್ಟೋಗೆ ನಿಷೇಧವೂ ಇಲ್ಲ, ಅದು ಕಾನೂನು ಒಪ್ಪಿದ ಹಣವೂ ಅಲ್ಲ. ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕ್‌ಗಳು ಸೇವೆ ಕೊಡಬಾರದು ಅಂತ 2018ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ್ದ ಸುತ್ತೋಲೆಯನ್ನು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. 2022ರ ಬಜೆಟ್‌ನಲ್ಲಿ ತೆರಿಗೆ ಬಂತು. ಲಾಭದ ಮೇಲೆ 30%, ನೀವು ಯಾವ ಸ್ಲ್ಯಾಬ್‌ನಲ್ಲಿದ್ದರೂ ಅಷ್ಟೇ. ಅದರ ಮೇಲೆ 4% ಸೆಸ್. ಮಾರಿದ ಮೊತ್ತದ ಮೇಲೆ 1% ಟಿಡಿಎಸ್ ಬೇರೆ. ಇಲ್ಲಿ ಮಾರುವುದು ಅಂದರೆ ರೂಪಾಯಿಗೆ ಬದಲಾಯಿಸುವುದು ಮಾತ್ರ ಅಂತ ಜನ ಅಂದುಕೊಂಡಿದ್ದಾರೆ. ಬಿಟ್‌ಕಾಯಿನ್ ಕೊಟ್ಟು ರವೆ ತಂದರೂ ಅದು ವರ್ಗಾವಣೆಯೇ, ಒಂದು ಕಾಯಿನ್ ಕೊಟ್ಟು ಇನ್ನೊಂದು ಕಾಯಿನ್ ತಗೊಂಡರೂ ವರ್ಗಾವಣೆಯೇ.

ನನ್ನ 1,000 ರೂಪಾಯಿ ಕಾರ್ಡಿಗೆ ಹೋದ ಸತೋಶಿಗಳನ್ನು ನಾನು ಕೊಂಡಿದ್ದು 640 ರೂಪಾಯಿಗೆ. ಲಾಭ 360. ತೆರಿಗೆ 108, ಸೆಸ್ ಸೇರಿ 112 ರೂಪಾಯಿ 32 ಪೈಸೆ. ನೆಟ್‌ವರ್ಕ್ ಶುಲ್ಕವನ್ನು ಇದರಲ್ಲಿ ಕಳೆಯುವ ಹಾಗಿಲ್ಲ, ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಾನೂನು ಒಪ್ಪುವುದಿಲ್ಲ. ಆಮೇಲೆ ತಮ್ಮ ಹೇಳಿದ ಹಾಗೆ ಅಷ್ಟನ್ನೇ ವಾಪಸ್ ಕೊಳ್ಳಲು ಹೋದರೆ ಎಕ್ಸ್‌ಚೇಂಜ್ ಫೀಸು, ಆ ಫೀಸಿನ ಮೇಲೆ 18% ಜಿಎಸ್‌ಟಿ.

"ತೆರಿಗೆ ಎಂದಾದ್ರೂ ಕಟ್ಟಲೇಬೇಕಲ್ಲಕ್ಕ" ಅಂತ ಅವನು ವಾದ ಮಾಡಿದ. ಅದೇನೋ ನಿಜ. ಆದರೆ ಕಾನೂನಿನಲ್ಲಿ ಒಂದು ಕೊಕ್ಕೆ ಇದೆ. ನಷ್ಟವನ್ನು ಲಾಭದಿಂದ ಕಳೆಯಲು ಬಿಡುವುದಿಲ್ಲ. ಒಂದು ವಾರ ಖರ್ಚು ಮಾಡಿದಾಗ 300 ಲಾಭ, ಇನ್ನೊಂದು ವಾರ ದರ ಬಿದ್ದಾಗ ಖರ್ಚು ಮಾಡಿ 300 ನಷ್ಟ. ಕೈಗೆ ಬಂದಿದ್ದು ಸೊನ್ನೆ. ತೆರಿಗೆ ಮಾತ್ರ ಲಾಭದ 300ರ ಮೇಲೆ, 93 ರೂಪಾಯಿ 60 ಪೈಸೆ. ಮುಂದಿನ ವರ್ಷಕ್ಕೂ ಆ ನಷ್ಟ ಹೋಗುವುದಿಲ್ಲ. ಚಿಲ್ಲರೆ ಖರ್ಚು ಹೆಚ್ಚಾದಷ್ಟೂ ಈ ಏಟು ಹೆಚ್ಚು.

ಬರೆಯುವ ಕಷ್ಟ ಬೇರೆ. ಸಂಬಳದವರು ಆರಾಮಾಗಿ ಐಟಿಆರ್-1 ತುಂಬುತ್ತಿದ್ದರೆ, ಕ್ರಿಪ್ಟೋ ಲಾಭ ಒಂದು ರೂಪಾಯಿ ಇದ್ದರೂ ಐಟಿಆರ್-2ಕ್ಕೆ ಹೋಗಬೇಕು. ಅಲ್ಲಿ ವಿಡಿಎ (ವರ್ಚುವಲ್ ಡಿಜಿಟಲ್ ಅಸೆಟ್, ಅಂದರೆ ಕ್ರಿಪ್ಟೋ ಥರದ್ದು) ಅಂತ ಒಂದು ಶೆಡ್ಯೂಲ್. ಕೊಂಡ ತಾರೀಖು, ಕೊಟ್ಟ ತಾರೀಖು, ಕೊಂಡ ಬೆಲೆ, ಬಂದ ಮೊತ್ತ, ಲಾಭ. ಪ್ರತಿ ಖರ್ಚಿಗೂ ಒಂದು ಸಾಲು. ವರ್ಷವಿಡೀ ಗೇಮ್‌ಗೆ, ಕಾಫಿಗೆ, ರೀಚಾರ್ಜ್‌ಗೆ ಕ್ರಿಪ್ಟೋ ಬಳಸಿದ ಒಬ್ಬ ಹುಡುಗ ನಮ್ಮ ಆಫೀಸಿಗೆ ಫೈಲ್ ತಂದಿದ್ದ. ಸಾಲುಗಳು ಮುಗಿಯುತ್ತಲೇ ಇರಲಿಲ್ಲ. ಅವನ ತೆರಿಗೆಗಿಂತ ನಮ್ಮ ಫೀಸು ಜಾಸ್ತಿ ಆಯಿತು.

ಅಂಗಡಿಯವರ ಕಡೆಯಿಂದಲೂ ಆಸೆ ಇಟ್ಟುಕೊಳ್ಳಬೇಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ರಾಜ್ಯದಲ್ಲಿ ಎಷ್ಟೋ ಅಂಗಡಿಗಳು ಕ್ಯೂಆರ್ ಕಿತ್ತು "ಕ್ಯಾಷ್ ಮಾತ್ರ" ಬೋರ್ಡ್ ಹಾಕಿದ್ದವು. ಯುಪಿಐಗೇ ಹೆದರಿದವರು ದೇವರಾಜ ಮಾರ್ಕೆಟ್‌ನಲ್ಲಿ ಮಲ್ಲಿಗೆ ಮೊಳಕ್ಕೆ ಸತೋಶಿ ತಗೊಳ್ಳುತ್ತಾರಾ?

ಆಪ್‌ಗೆ ಎರಡು ಸ್ಟಾರ್ ಕೊಟ್ಟಿದ್ದು ಅದರ ವೇಗಕ್ಕೆ. ವಿದೇಶದಲ್ಲಿ, ಇಂಥ ತೆರಿಗೆ ಇಲ್ಲದ ಕಡೆ ಇರುವವರಿಗೆ ನಾಲ್ಕು ಆಗಬಹುದು.

ಇನ್ನು ಹಾರ್ಡ್‌ವೇರ್ ವ್ಯಾಲೆಟ್. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಎರಡು ಬಟನ್, ಒಂದು ಪುಟ್ಟ ಸ್ಕ್ರೀನ್. ಮೊದಲ ಸಲ ಕಂಪ್ಯೂಟರ್‌ಗೆ ಚುಚ್ಚಿದಾಗ 24 ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ತೋರಿಸುತ್ತದೆ, ಬಾಲ್ ಪೆನ್ನಿನಲ್ಲಿ ಬರೆದುಕೊಳ್ಳಬೇಕು. 2,048 ಪದಗಳ ಪಟ್ಟಿಯಿಂದ ಅದು ಆರಿಸುತ್ತದೆ. ನಾನು ಬರೆಯುತ್ತಿದ್ದಾಗ ಅಮ್ಮ ಬಂದು ಕೂತರು.

"ಇದ್ರಲ್ಲಿ ಎಷ್ಟು ದುಡ್ಡಿದೆ?"

"ಇದ್ರಲ್ಲಿ ಏನೂ ಇಲ್ಲಮ್ಮ. ಬೀಗದ ಕೈ ಮಾತ್ರ ಇದೆ."

"ಕಳೆದುಹೋದ್ರೆ?"

"ಈ 24 ಪದ ಹಾಕಿದ್ರೆ ಇನ್ನೊಂದು ಡಿವೈಸ್‌ನಲ್ಲಿ ವಾಪಸ್ ಬರತ್ತೆ."

"ಆ ಚೀಟಿ ಕಳೆದುಹೋದ್ರೆ?"

"ಡಿವೈಸೂ ಇಲ್ಲ, ಚೀಟಿಯೂ ಇಲ್ಲ ಅಂದ್ರೆ ಹೋಯ್ತು."

"ನಿಂಗೇನಾದ್ರೂ ಆದ್ರೆ?"

ಅಮ್ಮ ಇಷ್ಟು ಬೇಗ ಅಲ್ಲಿಗೆ ಬರುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಬ್ಯಾಂಕ್ ಎಫ್‌ಡಿಗೆ ನಾಮಿನಿ ಇರುತ್ತಾರೆ. ಇದಕ್ಕೆ ಇಲ್ಲ. ಡಿವೈಸ್‌ಗೆ ಐದನೇ ಸ್ಟಾರ್ ಕೊಡದೇ ಇದ್ದದ್ದು ಇದಕ್ಕೇ. ಕೊನೆಗೆ ಡಿವೈಸ್ ನನ್ನ ಬೀರುವಿನಲ್ಲಿ, ಪದಗಳ ಚೀಟಿ ಬೇರೆ ಕಡೆ, ಎರಡೂ ಎಲ್ಲಿವೆ ಅಂತ ತಮ್ಮನಿಗೆ ಗೊತ್ತು. ಪದಗಳನ್ನು ಫೋನಿನಲ್ಲಿ ಫೋಟೊ ತೆಗೆದು ಇಡಬೇಡಿ. ಮಳೆಗೆ ಹಾಳಾಗುತ್ತೆ ಅಂತ ಲ್ಯಾಮಿನೇಷನ್‌ಗೆ ಜೆರಾಕ್ಸ್ ಅಂಗಡಿಗೂ ಕೊಡಬೇಡಿ, ಆ ಪದಗಳನ್ನು ಓದಿದವನ ಕೈಗೆ ಎಲ್ಲಾ ಹೋಗುತ್ತದೆ.

ಎಕ್ಸ್‌ಚೇಂಜ್‌ನಲ್ಲೇ ಬಿಡಬಾರದಾ ಅಂತ ಕೇಳುತ್ತಾರೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಅನ್ನುವ ನಮ್ಮ ದೇಶದ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾಯಿತು. ಗ್ರಾಹಕರದ್ದು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತು. ಸಾವಿರ ಎರಡು ಸಾವಿರಕ್ಕೆ ಡಿವೈಸ್ ಬೇಡ, ಅದರ ಬೆಲೆಯೇ ಜಾಸ್ತಿ. ಗಂಟು ದೊಡ್ಡದಾದರೆ ಬೇಕು.

ಹಾಗಂತ ಕೂಡಿಟ್ಟಿದ್ದನ್ನು ಮುಟ್ಟಲೇಬಾರದು ಅನ್ನುವವಳಲ್ಲ ನಾನು. ಒಂದು ಬಿಟ್‌ಕಾಯಿನ್ ಬೆಲೆ 2021ರ ನವೆಂಬರ್‌ನಲ್ಲಿ 69,000 ಡಾಲರ್ ಹತ್ತಿರ ಇದ್ದದ್ದು ಮರು ವರ್ಷ ಅದೇ ತಿಂಗಳಲ್ಲಿ 16,000ದ ಆಸುಪಾಸಿಗೆ ಬಿತ್ತು, 2024ರ ಡಿಸೆಂಬರ್‌ನಲ್ಲಿ ಲಕ್ಷ ದಾಟಿತು. ಮನೆ ಬಾಡಿಗೆ, ಸ್ಕೂಲ್ ಫೀಸಿನ ದುಡ್ಡನ್ನು ಇದರಲ್ಲಿ ಇಟ್ಟರೆ ನಿದ್ದೆ ಬರಲ್ಲ. ಅಮ್ಮನ ಕಣ್ಣಿನ ಆಪರೇಷನ್‌ಗೆ ದುಡ್ಡು ಬೇಕಾದಾಗ ನಾನು ಒಂದಿಷ್ಟು ಒಂದೇ ಸಲ ಮಾರಿದೆ. 1% ಟಿಡಿಎಸ್ ಹಿಡಿದರು, ಅದು ನನ್ನ ಹೆಸರಿನಲ್ಲಿ ಹಿಡಿದ ತೆರಿಗೆ ತೋರಿಸುವ 26ಎಎಸ್ ಪಟ್ಟಿಯಲ್ಲಿ ಬಂತು, ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡೆ. ಬಾಕಿ ಬ್ಯಾಂಕಿಗೆ. ತಮ್ಮ ಇದನ್ನೂ ಖರ್ಚು ಅಂತ ಒಪ್ಪಲಿಲ್ಲ, ರೂಪಾಯಿಗೆ ಸೋತೆ ಅಂದ. ಆಸ್ಪತ್ರೆಯವರಿಗೆ ಕ್ಯೂಆರ್ ತೋರಿಸೋ ಹೋಗು ಅಂದೆ.

ಡಿವೈಸ್ ಕೊಳ್ಳುವವರು ತಯಾರಕರ ಸೈಟಿನಿಂದ ಅಥವಾ ಅವರೇ ಹೆಸರಿಸಿದ ಮಾರಾಟಗಾರರಿಂದ ಮಾತ್ರ ತರಿಸಿ. ಡಿಸ್ಕೌಂಟ್ ಅಂತ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಬಾಕ್ಸ್ ಒಳಗಿನ ಕಾರ್ಡ್‌ನಲ್ಲಿ 24 ಪದಗಳು ಮೊದಲೇ ಬರೆದು ಬಂದಿದ್ದರೆ ಖುಷಿ ಪಡಬೇಡಿ. ಆ ಪದಗಳು ಬರೆದವನ ಹತ್ತಿರವೂ ಇರುತ್ತವೆ, ನೀವು ದುಡ್ಡು ಹಾಕುವುದನ್ನೇ ಅವನು ಕಾಯುತ್ತಿರುತ್ತಾನೆ. ಚುಚ್ಚಲೂ ಹೋಗಬೇಡಿ, ವಾಪಸ್ ಕಳಿಸಿ.