ಏರ್‌ಬ್ಯಾಗ್ ಇರುವ ಹಳೆಯ ಕಾರಿಗೆ ಬದಲಿ ಸ್ಟೀರಿಂಗ್ ವೀಲ್: ನಾಲ್ಕು ವರ್ಷ ಬಳಸಿದ ಮೇಲೆ

ಕೊಂಡದ್ದು ಕಂಪನಿಯ ಮೂಲ ಲೆದರ್ ಸ್ಟೀರಿಂಗ್ ವೀಲ್, ಸೆಕೆಂಡ್ ಹ್ಯಾಂಡ್. ಅದೇ ಮಾದರಿಯ, ಅದೇ ತಲೆಮಾರಿನ, ಒಂದು ದರ್ಜೆ ಮೇಲಿನ ಕಾರಿನದ್ದು. ಹಾಕಿದ್ದು 2000ದ ದಶಕದ ಕಾರಿಗೆ. ಅದರಲ್ಲಿದ್ದ ಪಾಲಿಯುರೆಥೇನ್ ವೀಲ್ ಅಂಟಂಟಾಗಿ, ಕೈ ಹಿಡಿಯುವ ಜಾಗದಲ್ಲೆಲ್ಲ ಚಕ್ಕೆ ಏಳುತ್ತಿತ್ತು. ಈಗ ನಾಲ್ಕು ವರ್ಷ, ಹತ್ತಿರ ಹತ್ತಿರ 50 ಸಾವಿರ ಕಿಲೋಮೀಟರ್ ಆಗಿದೆ. ವೀಲ್ ಬಗ್ಗೆ ದೂರು ಕಡಿಮೆ. ಆದರೆ ಈ ಕೆಲಸ ಕೈಕೊಡುವುದು ವೀಲ್‌ನಿಂದಲ್ಲ. ಅದರ ಮುಂದೆ ಕೂತಿರುವ ಏರ್‌ಬ್ಯಾಗ್, ಹಿಂದೆ ಅಡಗಿರುವ ಕ್ಲಾಕ್ ಸ್ಪ್ರಿಂಗ್ (ತಿರುಗುವ ವೀಲಿಗೆ ತಂತಿ ಸಂಪರ್ಕ ಕೊಡುವ ಡಬ್ಬಿ), ಇವೆರಡರಿಂದ. ಹಾಗಾಗಿ ವಿಮರ್ಶೆಯ ಬಹುಪಾಲು ಅವುಗಳ ಬಗ್ಗೆಯೇ.

ಮೊದಲ ಮಾತು, ಇದರಲ್ಲಿ ರಾಜಿ ಬೇಡ: ವೀಲ್ ಮಾತ್ರ ಬದಲಿಸಿ, ಏರ್‌ಬ್ಯಾಗ್ ನಿಮ್ಮ ಕಾರಿನದ್ದನ್ನೇ ವಾಪಸ್ ಕೂರಿಸಿ. ಮಾರುವವರು ಸಾಮಾನ್ಯವಾಗಿ ಎರಡನ್ನೂ ಸೇರಿಸಿ ಕೊಡಲು ನೋಡುತ್ತಾರೆ, ಬೆಲೆಯೂ ಆಕರ್ಷಕವಾಗಿರುತ್ತದೆ. ಆದರೆ ಹಳೆಯ ಏರ್‌ಬ್ಯಾಗ್‌ನ ಚರಿತ್ರೆ ಹೊರಗಿನಿಂದ ಕಾಣುವುದಿಲ್ಲ. ಅದು ನೀರಲ್ಲಿ ಮುಳುಗಿದ ಕಾರಿನದ್ದಿರಬಹುದು; ಒಮ್ಮೆ ಸಿಡಿದು ಹೊಸ ಮುಚ್ಚಳ ಹೊದ್ದ ಖಾಲಿ ಡಬ್ಬಿಯೂ ಇರಬಹುದು. ಟಕಾಟ ಕಂಪನಿಯ ಇನ್‌ಫ್ಲೇಟರ್‌ಗಳ (ಬ್ಯಾಗ್ ಉಬ್ಬಿಸುವ ಅನಿಲ ಹುಟ್ಟಿಸುವ ಡಬ್ಬಿಗಳ) ಕಥೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಅವುಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿಲಿಗೂ ತೇವಕ್ಕೂ ಸಿಕ್ಕಿ ಕೆಟ್ಟು, ಅಪಘಾತದಲ್ಲಿ ಬೇಕಾದ್ದಕ್ಕಿಂತ ಜೋರಾಗಿ ಉರಿದು, ಲೋಹದ ಕವಚವನ್ನೇ ಚೂರು ಮಾಡಿ ಚಾಲಕರ ಮೇಲೆ ಎರಚುತ್ತಿತ್ತು. ಹಲವು ಕಂಪನಿಗಳ ಕೋಟಿಗಟ್ಟಲೆ ಕಾರುಗಳು ರೀಕಾಲ್ ಆದವು, ಟಕಾಟ 2017ರಲ್ಲಿ ದಿವಾಳಿಯಾಯಿತು. ರೀಕಾಲ್ ದಾಖಲೆ ನಡೆಯುವುದು ಕಾರಿನ ಚಾಸಿ ನಂಬರಿನ ಮೇಲೆ. ಬೇರೆ ಕಾರಿನ ಬ್ಯಾಗ್ ತಂದು ಹಾಕಿದರೆ ಆ ಕೊಂಡಿ ಕಳಚಿಕೊಳ್ಳುತ್ತದೆ. ವೀಲ್ ಕೊಳ್ಳುವ ಮೊದಲು ನಿಮ್ಮದೇ ಕಾರಿನ ಚಾಸಿ ನಂಬರ್ ಕೊಟ್ಟು ರೀಕಾಲ್ ಬಾಕಿ ಇದೆಯೇ ನೋಡಿಸಿ. ಇದ್ದರೆ ಮೊದಲು ಅದು ಮುಗಿಯಲಿ.

ಇನ್ನೊಂದು ಕಾರಣ ತಾಂತ್ರಿಕ. ಹಳೆಯ ಏರ್‌ಬ್ಯಾಗ್‌ಗಳಿಗೆ ಒಂದೇ ಹಂತ (ಒಂದೇ ಸಲಕ್ಕೆ ಪೂರ್ತಿ ಉಬ್ಬುತ್ತವೆ), ಒಂದೇ ಕನೆಕ್ಟರ್. ಆಮೇಲಿನ ಎರಡು ಹಂತದವಕ್ಕೆ ಎರಡು. ಒಂದೇ ಮಾದರಿಯ ಕಾರಿನಲ್ಲೂ ನಡುವೆ ಯಾವುದೋ ವರ್ಷ ಈ ಬದಲಾವಣೆ ಆಗಿರುತ್ತದೆ. ಎರಡು ಹಂತದ ಬ್ಯಾಗನ್ನು ಒಂದು ಹಂತದ ಕಂಟ್ರೋಲ್ ಯೂನಿಟ್‌ಗೆ ಹೇಗೋ ಜೋಡಿಸಿದರೆ ಅದು ಅರ್ಧ ಶಕ್ತಿಯಲ್ಲಿ ಉಬ್ಬಬಹುದು, ಉಬ್ಬದೆಯೂ ಇರಬಹುದು. ವೀಲ್ ಆರಿಸುವಾಗ ಹಿಂಬದಿಯ ಫೋಟೊ ಕೇಳಿ, ನಿಮ್ಮ ಬ್ಯಾಗ್ ಕೂರುವ ಕೊಕ್ಕೆ ಅಥವಾ ಸ್ಕ್ರೂ ಜಾಗ ಅದೇ ಇದೆಯೇ ಹೋಲಿಸಿ. ಪಾರ್ಟ್ ನಂಬರ್ ಹೊಂದಿದರೆ ಇನ್ನೂ ನಿಶ್ಚಿಂತೆ. "ಎಲ್ಲಾ ಮಾದರಿಗೂ ಕೂರುತ್ತೆ" ಎನ್ನುವ ವೀಲ್ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ.

ಸ್ಟೀರಿಂಗ್ ಮೇಲಿನ ಆಡಿಯೊ ಬಟನ್‌ಗಳ ಆಸೆಯಿಂದ ಮೇಲ್ದರ್ಜೆಯ ವೀಲ್ ಕೊಳ್ಳುವವರು ಒಂದು ವಿಷಯ ತಿಳಿದಿರಲಿ. ಕೆಳದರ್ಜೆಯ ಕಾರಿನ ಕ್ಲಾಕ್ ಸ್ಪ್ರಿಂಗ್‌ನಲ್ಲಿ ಆ ಬಟನ್‌ಗಳಿಗೆ ತಂತಿಯೇ ಇಲ್ಲದಿರಬಹುದು. ಪ್ಲಗ್ ಒಂದೇ ಥರ ಕಂಡರೂ ಒಳಗೆ ಕೆಲವು ಪಿನ್ ಖಾಲಿ. ಆಗ ಕ್ಲಾಕ್ ಸ್ಪ್ರಿಂಗೂ ಮೇಲ್ದರ್ಜೆಯದ್ದೇ ಬೇಕು. ಇದನ್ನು ಮಾತ್ರ ಹೊಸದೇ ಕೊಳ್ಳಿ. ಹಳೆಯದ್ದು ಎಷ್ಟು ಲಕ್ಷ ಸಲ ತಿರುಗಿದೆಯೋ ಯಾರಿಗೆ ಗೊತ್ತು.

ಕ್ಲಾಕ್ ಸ್ಪ್ರಿಂಗ್ ಎಂದರೆ ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಕ್ಯಾಸೆಟ್ ಟೇಪಿನಂಥ ತೆಳು ಪಟ್ಟಿ ಸುರುಳಿ ಸುತ್ತಿಕೊಂಡಿರುತ್ತದೆ. ವೀಲ್ ತಿರುಗಿದಂತೆ ಸುರುಳಿ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಏರ್‌ಬ್ಯಾಗ್, ಹಾರ್ನ್, ಬಟನ್‌ಗಳ ಸಂಪರ್ಕವೆಲ್ಲ ಆ ಪಟ್ಟಿಯಲ್ಲೇ. ಬಹಳಷ್ಟು ಕಾರುಗಳಲ್ಲಿ ನಡುವಿನಿಂದ ಆಚೆಗೆ ಎರಡೂವರೆ, ಈಚೆಗೆ ಎರಡೂವರೆ ಸುತ್ತು, ಅದರ ಆಸುಪಾಸು. ವೀಲ್ ಬಿಚ್ಚಿದಾಗ ಯಾರೋ ಇದನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದರು ಎನ್ನಿ. ಜೋಡಿಸಿದ ಮೇಲೆ ಎಲ್ಲ ಸರಿಯಾಗೇ ಇರುತ್ತದೆ. ಮೊದಲ ಸಲ ಬಿಗಿ ಜಾಗದಲ್ಲಿ ಪಾರ್ಕಿಂಗ್‌ಗೆ ಪೂರ್ತಿ ತಿರುಗಿಸಿದಾಗ 'ಟಕ್' ಎಂದು ಪಟ್ಟಿ ಹರಿಯುತ್ತದೆ. ಹಾರ್ನ್ ಸತ್ತಿತು, ಏರ್‌ಬ್ಯಾಗ್ ದೀಪ ಹತ್ತಿತು.

ಕೆಲಸದ ಕ್ರಮಕ್ಕೆ ಬರೋಣ. ಮುಂದಿನ ಚಕ್ರ ನೇರ ಮಾಡಿ. ಸ್ಟೀರಿಯೊಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ. ಇಗ್ನಿಷನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ತೆಗೆದು, ಅದು ಮತ್ತೆ ತಾಗದಂತೆ ಬಟ್ಟೆ ಸುತ್ತಿ. ಈಗ ಕಾಯಬೇಕು. ಅಪಘಾತದಲ್ಲಿ ಬ್ಯಾಟರಿ ಸಂಪರ್ಕ ತುಂಡಾದರೂ ಬ್ಯಾಗ್ ಉಬ್ಬಲಿ ಎಂದು ಕಂಟ್ರೋಲ್ ಯೂನಿಟ್‌ನಲ್ಲಿ ಕೆಪಾಸಿಟರ್ ಇಟ್ಟಿರುತ್ತಾರೆ, ಅದು ಬರಿದಾಗಲು ಸಮಯ ಬೇಕು. ಟೊಯೋಟ ಕೈಪಿಡಿಗಳಲ್ಲಿ 90 ಸೆಕೆಂಡ್, ಹೊಂಡದಲ್ಲಿ 3 ನಿಮಿಷ ಎಂದಿರುತ್ತದೆ. ನಿಮ್ಮ ಕೈಪಿಡಿ ಹೇಳಿದ್ದಕ್ಕಿಂತ ಕಡಿಮೆ ಬೇಡ. 15 ನಿಮಿಷ ಕೂತರೆ ನಷ್ಟವೇನಿಲ್ಲ. ಬಿಚ್ಚುವ ಮುಂಚೆ ಕಾರಿನ ಬರಿ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿದುಹೋಗಲಿ.

ಏರ್‌ಬ್ಯಾಗ್ ಹಿಡಿದಿರುವ ರೀತಿ ಎರಡು. ಟೊಯೋಟ, ಹೊಂಡದ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ವೀಲಿನ ಎರಡು ಪಕ್ಕದಲ್ಲಿ ಚಿಕ್ಕ ಮುಚ್ಚಳದ ಹಿಂದೆ ಟಾರ್ಕ್ಸ್ 30 (ಆರು ಮೂಲೆಯ ನಕ್ಷತ್ರದಾಕಾರದ) ಸ್ಕ್ರೂ. ಫೋಕ್ಸ್‌ವ್ಯಾಗನ್ ಥರದವುಗಳಲ್ಲಿ ಒಳಗೆ ಸ್ಪ್ರಿಂಗ್ ಕೊಕ್ಕೆ. ವೀಲನ್ನು ಕಾಲು ಸುತ್ತು ತಿರುಗಿಸಿ, ಹಿಂದಿನ ತೂತಿನಲ್ಲಿ ಸ್ಕ್ರೂಡ್ರೈವರ್ ಹಾಕಿ ಒತ್ತಬೇಕು, ಆಮೇಲೆ ಇನ್ನೊಂದು ಬದಿ. ಸ್ಕ್ರೂ ಥರದವುಗಳಲ್ಲಿ ಕೆಲವು ಪೂರ್ತಿ ಹೊರಗೆ ಬರುವುದಿಲ್ಲ, ಬರಲೂಬಾರದು. ಸಡಿಲವಾಗಿ ತಿರುಗತೊಡಗಿದರೆ ಸಾಕು. ಬ್ಯಾಗ್ ಸ್ವಲ್ಪ ಮುಂದೆ ಬಂದಾಗ ಹಿಂದೆ ಹಳದಿ ಕನೆಕ್ಟರ್ ಕಾಣುತ್ತದೆ. ಅದರ ಬೀಗದ ತುಂಡನ್ನು ಮೊದಲು ಎತ್ತಿ, ನಂತರ ಪ್ಲಗ್ಗನ್ನು ನೇರಕ್ಕೆ ಎಳೆಯಿರಿ. ತಂತಿ ಹಿಡಿದು ಎಳೆಯುವುದು ಬೇಡ. ಪ್ಲಗ್ ಬಿಟ್ಟೊಡನೆ ಒಳಗಿನ ಪುಟ್ಟ ಲೋಹದ ಪಟ್ಟಿ ಎರಡು ಪಿನ್‌ಗಳನ್ನು ತಾನಾಗಿಯೇ ಸೇರಿಸಿಬಿಡುತ್ತದೆ, ಪುಡಿ ವಿದ್ಯುತ್ತಿಗೆ ಬ್ಯಾಗ್ ಸಿಡಿಯದಿರಲಿ ಎಂದು. ಆ ಪಟ್ಟಿ ಬಾಗದಂತೆ ನೋಡಿಕೊಳ್ಳಿ.

ಬಿಚ್ಚಿದ ಬ್ಯಾಗನ್ನು ಮುಖ ಆಚೆ ಮಾಡಿ ಹಿಡಿದು, ಮೇಜಿನ ಮೇಲೆ ಮುಚ್ಚಳ ಮೇಲಾಗಿ ಇಡಿ. ಮುಚ್ಚಳ ಕೆಳಗಾಗಿ ಇಟ್ಟದ್ದು ಸಿಡಿದರೆ ಲೋಹದ ಡಬ್ಬಿಯೇ ರಾಕೆಟ್ಟಿನಂತೆ ಹಾರುತ್ತದೆ. ಅದರ ಮೇಲೆ ಏನನ್ನೂ ಪೇರಿಸಬಾರದು. ಮಲ್ಟಿಮೀಟರ್ ಹಚ್ಚಿ ಅದರ ರೆಸಿಸ್ಟೆನ್ಸ್ ಅಳೆಯುವ ಕುತೂಹಲ ಕೆಲವರಿಗಿದೆ. ಮೀಟರಿನ ಕರೆಂಟ್ ಸ್ಕ್ವಿಬ್‌ಗೆ, ಅಂದರೆ ಬ್ಯಾಗ್ ಸಿಡಿಸುವ ಪುಟ್ಟ ಮದ್ದಿಗೆ, ಹೋಗುತ್ತದೆ. ಆ ಕುತೂಹಲ ಬೇಡ.

ನಡುವಿನ ನಟ್ ಅಥವಾ ಬೋಲ್ಟ್ ಸಡಿಲಿಸುವಾಗ ಸ್ಟೀರಿಂಗ್ ಲಾಕ್ ಮೇಲೆ ಭಾರ ಹಾಕಬೇಡಿ, ಲಾಕ್ ಮುರಿದೀತು. ಒಬ್ಬರು ವೀಲ್ ಹಿಡಿಯಲಿ, ಇನ್ನೊಬ್ಬರು ಬಿಚ್ಚಲಿ. ಟೊಯೋಟದಲ್ಲಿ 19 ಮಿಲಿಮೀಟರ್ ನಟ್ ಸಾಮಾನ್ಯ. ಫೋಕ್ಸ್‌ವ್ಯಾಗನ್‌ನಲ್ಲಿ ಹನ್ನೆರಡು ಮೂಲೆಯ ಸ್ಪ್ಲೈನ್ ಬೋಲ್ಟ್, ಅದಕ್ಕೆ ಟಾರ್ಕ್ಸ್ ಬಿಟ್ ತುರುಕಿದರೆ ತಲೆ ಸವೆದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಪೂರ್ತಿ ಬಿಚ್ಚುವ ಮುಂಚೆ ಷಾಫ್ಟ್ (ವೀಲ್ ಕೂರುವ ದಂಡ) ಮೇಲೂ ವೀಲಿನ ನಡುವಿನ ಹಬ್ ಮೇಲೂ ಸೇರಿ ಒಂದೇ ಗೆರೆ ಬಣ್ಣ ಎಳೆಯಿರಿ. ನಟ್ ಮೂರ್ನಾಲ್ಕು ಸುತ್ತು ಉಳಿದಿರುವಾಗಲೇ ವೀಲನ್ನು ಎಳೆಯಬೇಕು. ಷಾಫ್ಟಿನ ಹಲ್ಲಿಗೆ ಕಚ್ಚಿಕೊಂಡಿದ್ದ ವೀಲ್ ಒಮ್ಮೆಲೇ ಬಿಟ್ಟರೆ ನೇರ ಮೂಗಿಗೆ. ನಟ್ ಅದನ್ನು ತಡೆಯುತ್ತದೆ. ಅಂಗೈಯಿಂದ ಎಡಬಲ ಗುದ್ದಿದರೆ ಹೆಚ್ಚಿನವು ಬಿಡುತ್ತವೆ. ಬಿಡದಿದ್ದರೆ ಪುಲ್ಲರ್ (ವೀಲ್ ಎಳೆಯುವ ಉಪಕರಣ) ಬಳಸಿ, ಆದರೆ ಅದರ ಬೋಲ್ಟ್‌ಗಳನ್ನು ಆಳಕ್ಕೆ ಇಳಿಸಬೇಡಿ; ಹಿಂದೆಯೇ ಕ್ಲಾಕ್ ಸ್ಪ್ರಿಂಗ್ ಇದೆ, ತೂತು ಬೀಳುತ್ತದೆ. ತುಕ್ಕಿನ ಎಣ್ಣೆ ಸ್ಪ್ರೇ ಹೊಡೆದರೂ ಅದು ಇಳಿಯುವುದು ಅಲ್ಲಿಗೇ. ಸುತ್ತಿಗೆಯಂತೂ ಬೇಡವೇ ಬೇಡ: ಅಪಘಾತದಲ್ಲಿ ಕುಸಿಯಲೆಂದು ಷಾಫ್ಟ್‌ನಲ್ಲಿ ಇಟ್ಟಿರುವ ಪ್ಲಾಸ್ಟಿಕ್ ಪಿನ್‌ಗಳು ಒಂದೇ ಏಟಿಗೆ ಮುರಿಯಬಹುದು, ಮೇಲಿನಿಂದ ಗೊತ್ತೂ ಆಗುವುದಿಲ್ಲ.

ವೀಲ್ ಹೊರಗೆ ಬಂದೊಡನೆ ಕ್ಲಾಕ್ ಸ್ಪ್ರಿಂಗ್‌ಗೆ ಎರಡು ಕಡೆ ಟೇಪ್ ಅಂಟಿಸಿ. ಕೆಲವು ಕಾರುಗಳಲ್ಲಿ ಅದು ತಾನೇ ಲಾಕ್ ಆಗುತ್ತದೆ. ಟೇಪ್ ಆದರೂ ಇರಲಿ. ಹೊಸದಾದರೆ ನಡುವೆ ನಿಲ್ಲಿಸಿದ ಪಿನ್ ಸಮೇತ ಬರುತ್ತದೆ. ವೀಲ್ ಕೂರಿಸುವ ಕ್ಷಣದವರೆಗೆ ಆ ಪಿನ್ ತೆಗೆಯಬೇಡಿ, ಕೂರಿಸುವಾಗ ತೆಗೆಯಲು ಮರೆಯಲೂ ಬೇಡಿ. ನಡು ತಪ್ಪಿದೆ ಎಂಬ ಅನುಮಾನ ಇದ್ದರೆ ಒಂದು ದಿಕ್ಕಿಗೆ ಬೆರಳ ತುದಿಯಿಂದ ತಿರುಗಿಸಿ, ತಡೆದಲ್ಲಿ ನಿಲ್ಲಿಸಿ, ಕೈಪಿಡಿ ಹೇಳಿದಷ್ಟು ಸುತ್ತು ಹಿಂದಕ್ಕೆ ಬಂದು ಬಾಣದ ಗುರುತು ಸೇರಿಸಿ.

ಕೂರಿಸುವಾಗ ಹಲ್ಲು ಎಣಿಸುವ ವಿಷಯ. 36 ಹಲ್ಲಿನ ಷಾಫ್ಟ್‌ನಲ್ಲಿ ಒಂದು ಹಲ್ಲು ತಪ್ಪಿದರೆ ವೀಲ್ 10 ಡಿಗ್ರಿ ವಾಲುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಎರಡು ಮೂರು ಡಿಗ್ರಿ ಮಾತ್ರ ವಾಲಿದ್ದರೆ ಅದು ಹಲ್ಲಿನ ತಪ್ಪಲ್ಲ. ವೀಲ್ ಅಲೈನ್‌ಮೆಂಟ್‌ನಲ್ಲಿ ಟೈ ರಾಡ್ (ಮುಂದಿನ ಚಕ್ರವನ್ನು ತಿರುಗಿಸುವ ಸರಳು) ಸರಿಮಾಡಿಸಬೇಕು. ನಟ್ ಬಿಗಿಸುವ ಬಲ, ಅಂದರೆ ಟಾರ್ಕ್, ಅಂದಾಜಿನಲ್ಲಿ ಬೇಡ. ಹೊಂಡದ ಬಹಳ ಕಾರುಗಳಿಗೆ 39 ನ್ಯೂಟನ್ ಮೀಟರ್, ಟೊಯೋಟ ಮತ್ತು ಹಳೆಯ ಫೋಕ್ಸ್‌ವ್ಯಾಗನ್‌ಗೆ 50, ಬಿಎಂಡಬ್ಲ್ಯು ಇ46ಗೆ 63. ಹೀಗೆ ಕಾರಿನಿಂದ ಕಾರಿಗೆ ಬೇರೆ, ನಿಮ್ಮದನ್ನು ಕೈಪಿಡಿಯಲ್ಲಿ ನೋಡಿ. ಬೋಲ್ಟ್ ಮತ್ತೆ ಬಳಸಬಹುದೇ ಎಂಬುದನ್ನೂ ಅಲ್ಲೇ ನೋಡಿ. ಏರ್‌ಬ್ಯಾಗಿನ ಟಾರ್ಕ್ಸ್ ಸ್ಕ್ರೂಗಳಿಗೆ 9–10 ನ್ಯೂಟನ್ ಮೀಟರ್ ಸುತ್ತಮುತ್ತ ಸಾಕು.

ಬ್ಯಾಟರಿ ಜೋಡಿಸುವಾಗ ಕಾರಿನೊಳಗೆ ಯಾರೂ ಇರಬಾರದು. ನಂತರ ಕಿಟಕಿಯಿಂದ ಕೈ ಹಾಕಿ, ವೀಲ್ ಎದುರಿಗೆ ತಲೆ ಬಾರದಂತೆ ಇಗ್ನಿಷನ್ ಆನ್ ಮಾಡಿ. ಏರ್‌ಬ್ಯಾಗ್ ದೀಪ ಆರೇಳು ಸೆಕೆಂಡ್ ಉರಿದು ಆರಿದರೆ ಗೆದ್ದಿರಿ. ಆರದಿದ್ದರೆ ಮೊದಲ ಅನುಮಾನ ಹಳದಿ ಪ್ಲಗ್ ಮೇಲೆ, ಬೀಗ ಪೂರ್ತಿ ಕೂತಿರುವುದಿಲ್ಲ. ಏರ್‌ಬ್ಯಾಗ್ ಬಿಚ್ಚಿರುವಾಗ ಒಮ್ಮೆ ಇಗ್ನಿಷನ್ ಆನ್ ಮಾಡಿಬಿಟ್ಟಿದ್ದರೂ ಕಂಟ್ರೋಲ್ ಯೂನಿಟ್‌ನಲ್ಲಿ ದೋಷದ ಕೋಡ್ ಉಳಿದುಬಿಡುತ್ತದೆ. ತಪ್ಪು ಸರಿಯಾದ ಮೇಲೂ ಹಲವು ಕಾರುಗಳಲ್ಲಿ ಅದನ್ನು ಸ್ಕ್ಯಾನರ್ ಯಂತ್ರದಿಂದಲೇ ಅಳಿಸಬೇಕು. ಅಗ್ಗದ ಸ್ಕ್ಯಾನರ್‌ಗಳು ಎಂಜಿನ್ ಕೋಡ್ ಮಾತ್ರ ಓದುತ್ತವೆ, ಏರ್‌ಬ್ಯಾಗ್ ಯೂನಿಟ್ಟಿನ ಹತ್ತಿರ ಹೋಗುವುದಿಲ್ಲ. ಇಎಸ್‌ಪಿ (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿದ್ದರೆ ಸ್ಟೀರಿಂಗ್ ಕೋನದ ಸೆನ್ಸರ್ ತನ್ನ ನಡು ಮರೆತಿದೆ ಎಂದರ್ಥ. ಕೆಲವಕ್ಕೆ ಆ ತುದಿಯಿಂದ ಈ ತುದಿಗೆ ತಿರುಗಿಸಿದರೆ ಸಾಕು, ಉಳಿದವಕ್ಕೆ ಮತ್ತೆ ಯಂತ್ರವೇ. ಹಾರ್ನ್ ಸುಮ್ಮನಿದ್ದು ಉಳಿದದ್ದೆಲ್ಲ ಸರಿ ಇದ್ದರೆ, ವೀಲಿನ ಲೋಹಕ್ಕೆ ಹೋಗುವ ಒಂಟಿ ತಂತಿ ಹಾಕಲು ಮರೆತಿದ್ದೀರಿ.

ಇನ್ನು ನಾಲ್ಕು ವರ್ಷದ ಬಳಕೆ. ಲೆದರ್ ಮೊದಲ ಎರಡು ವರ್ಷ ಹಾಗೇ ಇತ್ತು. ಮೂರನೆಯ ವರ್ಷದಿಂದ ಬಲಗೈ ಊರುವ ಕಡೆ ಹೊಳಪು ಬಂದಿದೆ. ಹೊಳಪು ಬಂದ ಲೆದರ್ ಸವೆದದ್ದಲ್ಲ, ಕೈಯ ಜಿಡ್ಡು ಕೂತದ್ದು. ಒದ್ದೆ ಬಟ್ಟೆ, ಒಂದು ಹನಿ ಸೌಮ್ಯ ಸೋಪು, ಒರೆಸಿದರೆ ಅರ್ಧಕ್ಕರ್ಧ ಹೋಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಮಾತ್ರ ನಿಜವಾದ ಶತ್ರು, ಅದು ಆರುವ ಮುಂಚೆ ವೀಲ್ ಹಿಡಿದರೆ ಮೇಲಿನ ಬಣ್ಣದ ಪದರವೇ ಮೆತ್ತಗಾಗುತ್ತದೆ. ಹೊಲಿಗೆ ಒಂದು ಕಡೆಯೂ ಬಿಟ್ಟಿಲ್ಲ.

ನಿರೀಕ್ಷಿಸದೆ ಬಂದದ್ದು ಸಣ್ಣ ನಡುಕ. ಗೇರ್ ನ್ಯೂಟ್ರಲ್‌ನಲ್ಲಿ, ಎಂಜಿನ್ ನಿಧಾನ ಓಡುವಾಗ, ಬೆರಳ ತುದಿಗೆ ಝುಂ ಎನ್ನುತ್ತಿತ್ತು. ಕೆಲವು ವೀಲ್‌ಗಳ ಒಳಗೆ ರಬ್ಬರಿನಲ್ಲಿ ತೂಗುವ ಪುಟ್ಟ ತೂಕ ಇಟ್ಟು ಈ ನಡುಕ ನುಂಗಿಸಿರುತ್ತಾರೆ, ಕೆಲವು ಕಾರುಗಳಲ್ಲಿ ಏರ್‌ಬ್ಯಾಗನ್ನೇ ಆ ತೂಕವಾಗಿ ಬಳಸುತ್ತಾರೆ. ಇಲ್ಲಿ ಹಳೆಯ ವೀಲಿನ ತೂಕ ಹಳೆಯ ವೀಲಿನಲ್ಲೇ ಉಳಿಯಿತು. ಸ್ಕ್ರೂ ತೆಗೆದು ಹೊಸದಕ್ಕೆ ವರ್ಗಾಯಿಸಿದ ಮೇಲೆ ನಿಂತಿತು. ಹಳೆಯ ವೀಲನ್ನು ಗುಜರಿಗೆ ಹಾಕುವ ಮುಂಚೆ ಹಿಂದಿನ ಬದಿ ಒಮ್ಮೆ ನೋಡಿ.

350 ಮಿಲಿಮೀಟರಿನ ಸ್ಪೋರ್ಟ್ಸ್ ವೀಲ್, ಜೊತೆಗೆ ಹಬ್ ಅಡಾಪ್ಟರ್, ಏರ್‌ಬ್ಯಾಗ್ ಜಾಗದಲ್ಲಿ ದೀಪ ಆರಿಸಲು ಒಂದು ರೆಸಿಸ್ಟರ್: ಈ ಕಿಟ್‌ಗಳನ್ನೂ ಮಾರುತ್ತಾರೆ. ರಸ್ತೆಯ ಕಾರಿಗೆ ಇದು ಬೇಡ. ಸೀಟ್ ಬೆಲ್ಟ್ ಒಂದು ಮಿತಿಯ ನಂತರ ಸ್ವಲ್ಪ ಸಡಿಲ ಬಿಡುವಂತೆ ಮಾಡಿರುವುದೇ, ಎದೆ ಮುಂದೆ ಬಂದಾಗ ಅಲ್ಲಿ ಬ್ಯಾಗ್ ಇರುತ್ತದೆಂಬ ಲೆಕ್ಕದಲ್ಲಿ. ಬ್ಯಾಗ್ ತೆಗೆದರೆ ಬೆಲ್ಟಿನ ಲೆಕ್ಕವೂ ತಪ್ಪುತ್ತದೆ. ಆರಿದ ದೀಪ ನೋಡಿ ಕಾರು ಕೊಳ್ಳುವ ಮುಂದಿನ ಮಾಲೀಕರಿಗೆ ಅದು ಮೋಸವೂ ಹೌದು. ವೀಲಿನ ಮೇಲ್ಮೈ ಮಾತ್ರ ಹಾಳಾಗಿದ್ದರೆ ಲೆದರ್ ಹೊಲಿಸುವುದು ಸುಲಭದ ದಾರಿ: ಬ್ಯಾಗ್ ಮುಟ್ಟಬೇಕಿಲ್ಲ, ನಟ್ ಬಿಚ್ಚಬೇಕಿಲ್ಲ. ಆದರೆ ಹೊಲಿಗೆ ದಪ್ಪವಾಗಿ ಅಂಚಿನ ಕಡೆ ಉಬ್ಬಿದರೆ ಏರ್‌ಬ್ಯಾಗ್ ಮುಚ್ಚಳಕ್ಕೆ ತಾಗುತ್ತದೆ, ಹಾರ್ನ್ ಒತ್ತಿದ್ದು ವಾಪಸ್ ಬರುವುದಿಲ್ಲ. ಕೆಲಸ ಮುಗಿದಾಗ ಮುಚ್ಚಳದ ಸುತ್ತ ಒಂದು ದಪ್ಪ ಕಾಗದ ತೂರಿಸಿ ನೋಡಿ. ಎಲ್ಲ ಕಡೆ ಸಲೀಸಾಗಿ ಜಾರಿದರೆ ಮಾತ್ರ ದುಡ್ಡು ಕೊಡಿ.